ಎಣ್ಣೆಯ ಸುಳಿಯಲ್ಲಿ ಅಶ್ವಶಕ್ತಿ: ಟಾರ್ಕ್ ಕನ್ವರ್ಟರಿನ ಲಾಭ ನಷ್ಟ



ಕಳೆದ ವರ್ಷ ಕಾಫಿ ಕೊಯ್ಲಿಗೆ ಮುಂಚೆ ನಮ್ಮ ಕಣವನ್ನು ಸ್ವಲ್ಪ ಅಗಲ ಮಾಡಿಸಬೇಕೆಂದು ಗಂಟೆಯ ಬಾಡಿಗೆಗೆ ಮಣ್ಣು ತೆಗೆಯುವ ಯಂತ್ರವೊಂದನ್ನು ಕರೆಸಿದ್ದೆವು. ಮುಂದೆ ಅಗಲವಾದ ಬಕೆಟ್ಟು, ಹಿಂದೆ ಅಗೆಯುವ ಕೈ ಇರುವ ಯಂತ್ರ. ಯಾವ ಕಂಪೆನಿಯದಾದರೂ ನಮ್ಮ ಕಡೆ ಅದಕ್ಕೆ ಜೆ.ಸಿ.ಬಿ. ಎಂದೇ ಹೆಸರು. ಕಣದ ಅಂಚಿನಲ್ಲಿ ಅರ್ಧ ಹೂತುಹೋದ ಒಂದು ಬಂಡೆ ಅಡ್ಡವಾಯಿತು. ಹಿಂದಿನ ಕೈಯಿಂದ ಸುತ್ತಲಿನ ಮಣ್ಣು ಬಿಡಿಸಿ ತೆಗೆಯಲು ಒಂದು ಗಂಟೆಯಾದರೂ ಬೇಕೆಂದು ಚಾಲಕ ಹೇಳಿದ. ಒಂದು ಗಂಟೆಯ ಬಾಡಿಗೆ ಉಳಿಸುವ ಆಸೆಯಿಂದ, ಮುಂದಿನ ಬಕೆಟ್ಟಿನಿಂದಲೇ ಒತ್ತಿ ಉರುಳಿಸು ಎಂದೆವು.

ಆತ ಒತ್ತಿದ. ಇಂಜಿನ್ ಗರ್ಜಿಸಿತು, ಬಂಡೆ ಅಲುಗಲಿಲ್ಲ. "ಸಾರ್, ಇದು ಬರೋದಲ್ಲ. ಆಯಿಲ್ ಬಿಸಿಯಾಗ್ತಾ ಇದೆ, ಬಿಟ್ಟುಬಿಡೋಣ" ಎಂದ. "ಇಂಜಿನ್‌ನಲ್ಲಿ ಇನ್ನೂ ದಮ್ಮಿದೆಯಲ್ಲ ಮಾರಾಯ, ಇನ್ನೊಂದು ಸಲ ಒತ್ತು" ಎಂದು ನಾವು ಹುರಿದುಂಬಿಸಿದೆವು. ಹೀಗೆ ಇನ್ನೊಂದು ಸಲ, ಮತ್ತೊಂದು ಸಲ ಎನ್ನುತ್ತ ಕಾಲು ಗಂಟೆ ಕಳೆಯಿತು. ಉಷ್ಣತೆ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿತು, ಸುಟ್ಟ ಎಣ್ಣೆಯ ವಾಸನೆ ಬಂತು, ಯಂತ್ರದ ಹೊಟ್ಟೆಯ ಕೆಳಗೆ ಎಣ್ಣೆ ತೊಟ್ಟಿಕ್ಕತೊಡಗಿತು. ಮಾರನೆಯ ದಿನ ಬಂದ ಮೆಕ್ಯಾನಿಕ್, ಎಣ್ಣೆ ಸುಟ್ಟು ಸೀಲು ಗಟ್ಟಿಯಾಗಿ ಬಿರಿದಿದೆ ಎಂದರು. ಯಂತ್ರ ನಾಲ್ಕು ದಿನ ಕಣದಲ್ಲೇ ನಿಂತಿತು. ಮೊದಲ ಕೊಯ್ಲಿನ ಹಣ್ಣನ್ನು ಪಕ್ಕದ ತೋಟದವರ ಕಣದಲ್ಲಿ ಹರಡಿಕೊಳ್ಳಬೇಕಾಯಿತು. ತಪ್ಪು ನಮ್ಮದೇ ಆದ್ದರಿಂದ ರಿಪೇರಿಯ ಖರ್ಚಿನಲ್ಲಿ ಪಾಲು ಕೊಟ್ಟೆವು. ಬಂಡೆ ಮಾತ್ರ ಇದ್ದಲ್ಲೇ ಇತ್ತು.

ಇಂಜಿನ್ ಅಷ್ಟು ಗರ್ಜಿಸಿ ಡೀಸೆಲ್ ಕುಡಿದರೂ ಬಂಡೆಗೆ ತಲುಪದೆ ಹೋದ ಆ ಶಕ್ತಿ ಎಲ್ಲಿ ಹೋಯಿತು? ಈ ಪ್ರಶ್ನೆಯ ಬೆನ್ನು ಹತ್ತಿ ನಾವು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಮಣ್ಣಿನ ಯಂತ್ರ ಬಾಡಿಗೆಗೆ ಪಡೆಯುವವರಿಗೂ, ಗೇರು ಬದಲಾಯಿಸುವ ಕಾಟವಿಲ್ಲದ ಆಟೋಮ್ಯಾಟಿಕ್ ಕಾರು ಕೊಳ್ಳುವ ಯೋಚನೆಯಲ್ಲಿರುವ ನಮ್ಮ ವಯಸ್ಸಿನ ಸದಸ್ಯರಿಗೂ ಇದು ಉಪಯೋಗಕ್ಕೆ ಬಂದೀತು.

ಎರಡು ಬಗೆಯ ಪಂಪು

ನಮ್ಮ ತೋಟಗಳಲ್ಲಿ ಎರಡು ಬಗೆಯ ಪಂಪುಗಳಿವೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಯಂತ್ರದಲ್ಲಿ ಪಿಸ್ಟನ್ ಇರುತ್ತದೆ. ಅದು ದ್ರಾವಣವನ್ನು ಹಿಡಿದು ಒತ್ತಡದಿಂದ ನೂಕುತ್ತದೆ. ಕಾಫಿಗೆ ಹೂಮಳೆ ಕೈಕೊಟ್ಟಾಗ ಕೆರೆಯಿಂದ ಸ್ಪ್ರಿಂಕ್ಲರಿಗೆ ನೀರು ಎತ್ತುವ ಪಂಪು ಬೇರೆ ಜಾತಿಯದು. ಅದರ ಒಳಗೆ ಬಾಗಿದ ರೆಕ್ಕೆಗಳ ಚಕ್ರವೊಂದು, ಅಂದರೆ ಇಂಪೆಲ್ಲರ್, ರಭಸವಾಗಿ ತಿರುಗಿ ನೀರನ್ನು ನಡುವಿನಿಂದ ಹೊರ ಅಂಚಿಗೆ ಎಸೆಯುತ್ತದೆ. ಮೊದಲನೆಯದರಲ್ಲಿ ಕೆಲಸ ಮಾಡುವುದು ದ್ರವದ ಒತ್ತಡ. ಎರಡನೆಯದರಲ್ಲಿ ದ್ರವದ ವೇಗ.

ಮಣ್ಣಿನ ಯಂತ್ರದಲ್ಲೂ ಎಣ್ಣೆಗೆ ಈ ಎರಡು ಬಗೆಯ ಕೆಲಸವಿದೆ. ಬಕೆಟ್ಟನ್ನು ಎತ್ತಿಳಿಸುವುದು, ಹಿಂದಿನ ಕೈಯಿಂದ ಅಗೆಯುವುದು ಒತ್ತಡದ ಎಣ್ಣೆಯ ಕೆಲಸ. ಆದರೆ ಇಂಜಿನ್ನಿನ ಶಕ್ತಿಯನ್ನು ಗೇರುಪೆಟ್ಟಿಗೆಯ ಮೂಲಕ ಚಕ್ರಗಳಿಗೆ ಮುಟ್ಟಿಸುವ ದಾರಿಯಲ್ಲಿ, ಕ್ಲಚ್ ಇರಬೇಕಾದ ಜಾಗದಲ್ಲಿ, ವೇಗದ ಎಣ್ಣೆಯಿಂದ ನಡೆಯುವ ಸಾಧನವೊಂದಿದೆ. ಅದೇ ಟಾರ್ಕ್ ಕನ್ವರ್ಟರ್. ಟಾರ್ಕ್ ಎಂದರೆ ತಿರುಗಿಸುವ ಬಲ. ಬೋಲ್ಟು ಬಿಚ್ಚುವಾಗ ಸ್ಪಾನರಿನ ತುದಿಯಲ್ಲಿ ನಾವು ಹಾಕುವ ಬಲವೇ ಅದು. ನಾವು ಮುಂದಿನ ಬಕೆಟ್ಟಿನಿಂದ ಬಂಡೆಯನ್ನು ಒತ್ತಿಸಿದಾಗ ಚಕ್ರಗಳ ಬಲದಿಂದ ಒತ್ತಿಸಿದೆವು. ಪೆಟ್ಟು ತಿಂದದ್ದು ಈ ಕನ್ವರ್ಟರು.

ಪಂಪೂ ಟರ್ಬೈನೂ ಒಂದೇ ಗೂಡಿನಲ್ಲಿ

ಈ ಸಾಧನ ಹುಟ್ಟಿದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ. ಸುಮಾರು 120 ವರ್ಷಗಳ ಹಿಂದೆ ಹಡಗುಗಳಿಗೆ ಉಗಿ ಟರ್ಬೈನು ಬಂದಾಗ ಒಂದು ತೊಡಕು ಎದ್ದಿತು. ಟರ್ಬೈನು ಅತಿ ವೇಗದಲ್ಲಿ ತಿರುಗಿದರೆ ಚೆನ್ನ. ನೀರನ್ನು ತಳ್ಳುವ ಪ್ರೊಪೆಲ್ಲರ್ ನಿಧಾನವಾಗಿ ತಿರುಗಿದರೆ ಚೆನ್ನ. ಇವೆರಡನ್ನು ಕೂಡಿಸುವುದು ಹೇಗೆ? ಜರ್ಮನಿಯ ಸ್ಟೆಟಿನ್‌ನಲ್ಲಿದ್ದ ವುಲ್ಕಾನ್ ಹಡಗು ಕಾರ್ಖಾನೆಯ ಇಂಜಿನಿಯರ್ ಹರ್ಮನ್ ಫಾಟಿಂಗರ್ 1905ರಲ್ಲಿ ಇದಕ್ಕೊಂದು ಪರಿಹಾರಕ್ಕೆ ಪೇಟೆಂಟ್ ಕೋರಿದರು.

ಅವರ ಯುಕ್ತಿ ಸರಳ. ಟರ್ಬೈನಿನಿಂದ ಒಂದು ಪಂಪು ನಡೆಸಿ, ಅದು ಎಸೆದ ದ್ರವದಿಂದ ಇನ್ನೊಂದು ಚಕ್ರವನ್ನು ತಿರುಗಿಸಿ, ಆ ಚಕ್ರವನ್ನು ಪ್ರೊಪೆಲ್ಲರಿಗೆ ಜೋಡಿಸಬಹುದು. ಆದರೆ ಪಂಪು ಒಂದು ಕಡೆ, ಚಕ್ರ ಇನ್ನೊಂದು ಕಡೆ ಇದ್ದರೆ ನಡುವಿನ ಕೊಳವೆಗಳಲ್ಲೇ ಶಕ್ತಿಯ ಬಹುಪಾಲು ಸವೆದುಹೋಗುತ್ತದೆ. ಉದ್ದನೆಯ ಪೈಪಿನಲ್ಲಿ, ಬೆಂಡು ಬೆಂಡಿಗೂ ನೀರಿನ ರಭಸ ಕುಂದುವುದನ್ನು ನಾವೆಲ್ಲ ಕಂಡವರೇ. ಫಾಟಿಂಗರ್ ಕೊಳವೆಗಳನ್ನೇ ತೆಗೆದುಹಾಕಿದರು. ಪಂಪಿನ ಚಕ್ರವನ್ನೂ ಟರ್ಬೈನಿನ ಚಕ್ರವನ್ನೂ ಎದುರುಬದುರಾಗಿ ಒಂದೇ ಗೂಡಿನಲ್ಲಿ ಕೂರಿಸಿದರು. ಎರಡು ದುಂಡು ಬಟ್ಟಲುಗಳನ್ನು ಬಾಯಿಗೆ ಬಾಯಿ ಹಿಡಿದ ಹಾಗೆ ಎಂದುಕೊಳ್ಳಿ. ಪಂಪಿನ ಬಟ್ಟಲು ಎಣ್ಣೆಯನ್ನು ಹೊರ ಅಂಚಿಗೆ ಎಸೆಯುತ್ತದೆ. ಅಲ್ಲಿಂದ ಎಣ್ಣೆ ಎದುರಿನ ಬಟ್ಟಲಿಗೆ ದಾಟಿ, ಅದರ ರೆಕ್ಕೆಗಳನ್ನು ನೂಕುತ್ತ ಒಳಮುಖವಾಗಿ ಹರಿದು, ನಡುವಿನಿಂದ ಮತ್ತೆ ಪಂಪಿಗೆ ಬರುತ್ತದೆ. ಚಕ್ರಗಳ ಜೊತೆ ಸುತ್ತುತ್ತಲೇ ಉದ್ದಿನವಡೆಯ ಆಕಾರದ ದಾರಿಯಲ್ಲಿ ಎಣ್ಣೆಯ ಸುಳಿ ಹೀಗೆ ಹೊರಳುತ್ತಿರುತ್ತದೆ. ಎರಡು ಚಕ್ರಗಳಿಗೂ ಲೋಹದ ಸಂಪರ್ಕವೇ ಇಲ್ಲ. ಹಾಗಾಗಿ ಸವೆತವಿಲ್ಲ, ಜಗ್ಗು ಇಲ್ಲ.

ಮುಂದೆ ಹಡಗುಗಳಲ್ಲಿ ಒಳ್ಳೆಯ ಹಲ್ಲುಚಕ್ರಗಳು ಬಂದು ಈ ಸಾಧನವನ್ನು ಬದಿಗೆ ಸರಿಸಿದವು. ಆದರೆ ನೆಲದ ಮೇಲಿನ ವಾಹನಗಳಲ್ಲಿ ಅದಕ್ಕೆ ಹೊಸ ಜನ್ಮ ಸಿಕ್ಕಿತು.

ಮೂರನೆಯ ಚಕ್ರದ ಮಹಿಮೆ

ಬರೀ ಎರಡು ಚಕ್ರಗಳಿದ್ದರೆ ಅದಕ್ಕೆ ದ್ರವ ಕಪ್ಲಿಂಗ್ ಎಂದು ಹೆಸರು. ಇಂಗ್ಲೆಂಡಿನ ಡೈಮ್ಲರ್ ಕಾರುಗಳಲ್ಲಿ 1930ರಲ್ಲೇ ಇದು ಬಂದಿತ್ತು. ಇದು ಶಕ್ತಿಯನ್ನು ಮೃದುವಾಗಿ ದಾಟಿಸುತ್ತದೆ. ಆದರೆ ಟಾರ್ಕನ್ನು ಹೆಚ್ಚಿಸಲಾರದು. ಇಂಜಿನ್ ಕೊಟ್ಟಷ್ಟೇ ಬಲ ಆಚೆಗೂ ಸಿಗುತ್ತದೆ.

ಟಾರ್ಕ್ ಹೆಚ್ಚಬೇಕಾದರೆ ಮೂರನೆಯ ಚಕ್ರವೊಂದು ಬೇಕು. ಕಾರಣ ಹೀಗಿದೆ. ವಾಹನ ಹೊರಡುವಾಗ ಟರ್ಬೈನು ನಿಂತಿರುತ್ತದೆ ಅಥವಾ ನಿಧಾನವಾಗಿ ತಿರುಗುತ್ತದೆ. ಅದರ ಬಾಗಿದ ರೆಕ್ಕೆಗಳಿಂದ ಹೊರಬರುವ ಎಣ್ಣೆ ಪಂಪು ತಿರುಗುವ ದಿಕ್ಕಿಗೆ ವಿರುದ್ಧವಾಗಿ ಸುತ್ತುತ್ತಿರುತ್ತದೆ. ಹಾಗೆಯೇ ಪಂಪಿಗೆ ನುಗ್ಗಿದರೆ ಅದು ಪಂಪನ್ನು ತಡೆಯುತ್ತದೆ. ಅದಕ್ಕೇ ಎರಡರ ನಡುವೆ, ಒಳಗಿನ ಕಿರುದಾರಿಯಲ್ಲಿ, ಸ್ಟೇಟರ್ ಎಂಬ ಚಿಕ್ಕ ರೆಕ್ಕೆಚಕ್ರವನ್ನು ಅಲುಗದಂತೆ ಕೂರಿಸುತ್ತಾರೆ. ಕಾಲುವೆಗೆ ಹಲಗೆ ಕೊಟ್ಟು ನೀರನ್ನು ಬೇಕಾದ ಸಾಲಿಗೆ ತಿರುಗಿಸುವ ಹಾಗೆ, ಅದು ಎಣ್ಣೆಯ ಮೋರೆಯನ್ನು ಪಂಪಿನ ದಿಕ್ಕಿಗೇ ತಿರುಗಿಸುತ್ತದೆ. ಎದುರು ಬೀಳಬೇಕಿದ್ದ ಎಣ್ಣೆ ಈಗ ಪಂಪಿಗೆ ನೆರವಾಗುತ್ತದೆ. ಹೊಳೆಯಲ್ಲಿ ದೋಣಿಯನ್ನು ತಳ್ಳಲು ನೆಲಕ್ಕೆ ಗಳ ಊರಬೇಕಲ್ಲವೆ? ಸ್ಟೇಟರು ಎಣ್ಣೆಗೆ ಊರಲು ಸಿಗುವ ನೆಲ. ಆ ನೆಲದಿಂದ ದೊರೆತ ಬಲ ಟರ್ಬೈನಿಗೆ ಸೇರುತ್ತದೆ. ಪಂಪಿನ ಟಾರ್ಕು, ಸ್ಟೇಟರಿನ ಟಾರ್ಕು ಎರಡೂ ಕೂಡಿದರೆ ಟರ್ಬೈನಿನ ಟಾರ್ಕು. ಕಾರುಗಳಲ್ಲಿ ಹೊರಡುವ ಕ್ಷಣದಲ್ಲಿ ಇದು ಇಂಜಿನ್ ಟಾರ್ಕಿನ ಸುಮಾರು ಎರಡರಿಂದ ಎರಡೂವರೆ ಪಟ್ಟು ಇರುತ್ತದೆ.

ಆದರೆ ವೇಗ ಬಂದಂತೆ ಟರ್ಬೈನು ಪಂಪಿನ ಸಮಕ್ಕೆ ಬರುತ್ತದೆ. ಆಗ ಎಣ್ಣೆ ಹೊರಬೀಳುವ ದಿಕ್ಕು ಬದಲಾಗಿ ಸ್ಟೇಟರ್ ರೆಕ್ಕೆಗಳ ಬೆನ್ನಿಗೆ ಬಡಿಯತೊಡಗುತ್ತದೆ. ನೆರವಾಗುತ್ತಿದ್ದ ಸ್ಟೇಟರೇ ಈಗ ದಾರಿಗೆ ಅಡ್ಡ. ಇದಕ್ಕೆ 1920ರ ದಶಕದ ಕೊನೆಯಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯ ಟ್ರಿಲೋಕ್ ಬಳಗದವರು ಚಂದದ ಉಪಾಯ ಕಂಡುಕೊಂಡರು. ಸೈಕಲ್ಲಿನ ಫ್ರೀವೀಲ್ ಇದ್ದಂತೆ ಸ್ಟೇಟರನ್ನು ಒಂದೇ ದಿಕ್ಕಿಗೆ ತಿರುಗಬಲ್ಲ ಹಿಡಿಕೆಯ ಮೇಲೆ ಕೂರಿಸಿದರು. ಎದುರಿನಿಂದ ಎಣ್ಣೆ ತಳ್ಳಿದಾಗ ಅದು ಬಿಗಿಯಾಗಿ ನಿಲ್ಲುತ್ತದೆ; ಬೆನ್ನಿಗೆ ಬಡಿದಾಗ ಎಣ್ಣೆಯ ಜೊತೆಗೇ ತಿರುಗಿಬಿಡುತ್ತದೆ. ಅಂದರೆ ಕಷ್ಟಕಾಲದಲ್ಲಿ ಕನ್ವರ್ಟರು, ಸರಾಗ ಓಟದಲ್ಲಿ ಕಪ್ಲಿಂಗು. ಇಂದಿನ ಕಾರುಗಳಲ್ಲಿರುವುದು ಈ ಜಾತಿಯದೇ.

ಲೆಕ್ಕ ಏನು ಹೇಳುತ್ತದೆ?

ಹಾರೆಯ ಉದ್ದನೆಯ ತುದಿಯನ್ನು ಒಂದು ಮೊಳ ಇಳಿಸಿದರೆ ಕಲ್ಲು ಒಂದು ಗೇಣೂ ಏಳುವುದಿಲ್ಲ. ಬಲ ಹೆಚ್ಚಿದಷ್ಟು ಚಲನೆ ಕಡಿಮೆ. ಕನ್ವರ್ಟರಿಗೂ ಈ ನಿಯಮ ತಪ್ಪಿದ್ದಲ್ಲ. ಶಕ್ತಿಯೆಂದರೆ ಟಾರ್ಕು ಮತ್ತು ವೇಗಗಳ ಗುಣಲಬ್ಧ. ಆದರೆ ಹಾರೆಯಲ್ಲಿ ನಷ್ಟ ಅತ್ಯಲ್ಪ, ಇಲ್ಲಿ ನಷ್ಟ ಬಹಳ.

ಇಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದೆ, ಅದರ ಟಾರ್ಕು 100 ಭಾಗ ಎಂದಿಟ್ಟುಕೊಳ್ಳೋಣ. ವಾಹನ ನಿಂತಿರುವಾಗ ಟರ್ಬೈನಿನ ಟಾರ್ಕು 220, ಆದರೆ ಸುತ್ತು ಸೊನ್ನೆ. 220ನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ. ದಕ್ಷತೆ ಶೇಕಡ 0. ಟರ್ಬೈನು 1000 ಸುತ್ತಿಗೆ ಬಂದಾಗ ಟಾರ್ಕು ಸುಮಾರು 155ಕ್ಕೆ ಇಳಿದಿರುತ್ತದೆ. ದಕ್ಷತೆ ಶೇಕಡ 77ರಷ್ಟು. 1760 ಸುತ್ತಿನ ಹೊತ್ತಿಗೆ ಟಾರ್ಕು 100. ದಕ್ಷತೆ ಶೇಕಡ 88. ಇಲ್ಲಿಂದ ಮುಂದೆ ಸ್ಟೇಟರು ಸಡಿಲಗೊಂಡು ದಕ್ಷತೆ ಶೇಕಡ 95ನ್ನು ದಾಟಬಹುದು. ನೂರನ್ನು ಮಾತ್ರ ಮುಟ್ಟಲಾರದು. ಏಕೆಂದರೆ ಎರಡು ಚಕ್ರಗಳ ವೇಗ ಸಮವಾದರೆ ಎಣ್ಣೆಯ ಹೊರಳಾಟವೇ ನಿಂತು ಶಕ್ತಿ ದಾಟುವುದಿಲ್ಲ. ಸ್ವಲ್ಪವಾದರೂ ಜಾರಿಕೆ ಇರಲೇಬೇಕು.

ಮೊದಲ ಸಾಲನ್ನು ಬಂಧುಗಳು ಇನ್ನೊಮ್ಮೆ ಓದಬೇಕು. ಬಲ ಅತ್ಯಂತ ಹೆಚ್ಚಾಗಿರುವ ಸ್ಥಿತಿಯಲ್ಲೇ ದಕ್ಷತೆ ಸೊನ್ನೆ! ಅಲುಗದ ಬಂಡೆಗೆ ಒತ್ತಿ ನಿಂತ ನಮ್ಮ ಯಂತ್ರದಲ್ಲಿ, ಕನ್ವರ್ಟರಿಗೆ ಸೇರಿದ ಶಕ್ತಿಯೆಲ್ಲ ಎಣ್ಣೆಯನ್ನು ಕಾಯಿಸಲಿಕ್ಕೇ ಖರ್ಚಾಯಿತು. ಗೇಟ್ ವಾಲ್ವ್ ಮುಚ್ಚಿಟ್ಟು ಮೋಟರು ಓಡಿಸಿದರೆ ಪಂಪಿನ ಹೊಟ್ಟೆ ಕೈಯಿಡಲಾಗದಷ್ಟು ಬಿಸಿಯಾಗುವುದಿಲ್ಲವೆ? ಅದೇ ಕಥೆ. 30 ಕಿಲೋವ್ಯಾಟ್, ಅಂದರೆ ಸುಮಾರು 40 ಅಶ್ವಶಕ್ತಿ ಎಣ್ಣೆಗೆ ಹೋಯಿತೆನ್ನಿ. ಸ್ನಾನದ ನೀರು ಕಾಯಿಸುವ 1 ಕಿಲೋವ್ಯಾಟಿನ ಕಾಯಿಲುಗಳು 30 ಸೇರಿ ಒಮ್ಮೆಗೇ ಕಾಯಿಸಿದಂತೆ ಅದು. 15 ಲೀಟರ್ ಎಣ್ಣೆಯಿದ್ದು, ತಂಪುಗೊಳಿಸುವ ಏರ್ಪಾಡು ಇಲ್ಲದಿದ್ದರೆ, ಒಂದು ನಿಮಿಷದೊಳಗೆ ಅದರ ಬಿಸಿ 50 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಆಯಿಲ್ ಕೂಲರ್ ಒಂದಿಷ್ಟು ಬಿಸಿಯನ್ನು ಹೊತ್ತು ಹೊರಹಾಕುತ್ತದೆ, ನಿಜ. ಆದರೆ ಕಾಲು ಗಂಟೆ ಈ ಹಿಂಸೆ ಕೊಟ್ಟರೆ ಅದೇನು ಮಾಡೀತು?

ವಿನ್ಯಾಸಕಾರರ ಹೆಣಗಾಟ

ಕನ್ವರ್ಟರ್ ಚೆನ್ನಾಗಿ ಓಡುತ್ತಿರುವಾಗಲೂ ನಷ್ಟ ಪೂರ್ತಿ ತಪ್ಪುವುದಿಲ್ಲ. ಒಂದು ನಷ್ಟ, ರೆಕ್ಕೆಗಳ ನಡುವಿನ ಕಿರಿದಾದ ದಾರಿಯಲ್ಲಿ ಹರಿಯುವ ಎಣ್ಣೆಯ ಘರ್ಷಣೆ. ಇನ್ನೊಂದು, ಎಣ್ಣೆ ಒಂದು ಚಕ್ರದಿಂದ ಮತ್ತೊಂದಕ್ಕೆ ದಾಟುವಾಗ ರೆಕ್ಕೆಯ ಬಾಗಿಗೆ ಸರಿಹೊಂದದೆ ಡಿಕ್ಕಿ ಹೊಡೆದು ಸುಳಿಯೇಳುವುದು. ಯಾವುದೋ ಒಂದು ವೇಗಕ್ಕೆ ರೆಕ್ಕೆಯ ಕೋನವನ್ನು ಸರಿಪಡಿಸಬಹುದು. ಎಲ್ಲ ವೇಗಕ್ಕೂ ಸರಿಪಡಿಸಲಾಗದು. ಸ್ಟೇಟರಿನ ರೆಕ್ಕೆಗಳ ಮೂತಿ ವಿಮಾನದ ರೆಕ್ಕೆಯ ಹಾಗೆ ದಪ್ಪಗೆ ದುಂಡಗಿರುವುದು ಈ ಕಾರಣಕ್ಕೇ. ಎಣ್ಣೆ ಯಾವ ಕೋನದಿಂದ ಬಂದರೂ ಆದಷ್ಟು ಕಡಿಮೆ ಡಿಕ್ಕಿಯಿಂದ ಅದು ಬರಮಾಡಿಕೊಳ್ಳುತ್ತದೆ.

ಗಾತ್ರದ ಪ್ರಶ್ನೆಯೂ ಇದೆ. ಪಂಪು ಹೊರುವ ಟಾರ್ಕು ಸುತ್ತಿನ ವರ್ಗಕ್ಕೆ ತಕ್ಕಂತೆ ಏರುತ್ತದೆ; ಸುತ್ತು ಎರಡು ಪಟ್ಟಾದರೆ ಟಾರ್ಕು ನಾಲ್ಕು ಪಟ್ಟು. ಗೇರಿನಲ್ಲಿಟ್ಟು ಬ್ರೇಕು ಹಿಡಿದು ನಿಂತ ಆಟೋಮ್ಯಾಟಿಕ್ ಕಾರಿನ ಇಂಜಿನ್ ಬಂದ್ ಆಗದಿರುವುದು ಇದರಿಂದಲೇ. ನಿಧಾನ ಸುತ್ತಿನಲ್ಲಿ ಎಣ್ಣೆಯ ಹಿಡಿತ ತೀರ ಸಡಿಲ. ವ್ಯಾಸದ ಪ್ರಭಾವವಂತೂ ಬೆರಗು ಹುಟ್ಟಿಸುವಂಥದು. ವ್ಯಾಸ ಎರಡು ಪಟ್ಟಾದರೆ ಅದೇ ಸುತ್ತಿನಲ್ಲಿ ಟಾರ್ಕು 32 ಪಟ್ಟು. ಕನ್ವರ್ಟರು ಚಿಕ್ಕದಾದರೆ ಜಾರಿಕೆ ಹೆಚ್ಚು. ದೊಡ್ಡದಾದರೆ ಇಂಜಿನ್ನಿಗೆ ಉಸಿರು ಕಟ್ಟುತ್ತದೆ. ಇಂಜಿನ್ನಿಗೆ ತಕ್ಕ ಜೋಡಿ ಹುಡುಕುವುದೇ ವಿನ್ಯಾಸಕಾರನ ಜಾಣ್ಮೆ.

ಅಮೆರಿಕದಲ್ಲಿ 1948ರಲ್ಲಿ ಬ್ಯೂಯಿಕ್ ಕಾರಿಗೆ ಬಂದ ಡೈನಾಫ್ಲೋ ಎಂಬ ವ್ಯವಸ್ಥೆ, ಗೇರು ಬದಲಾವಣೆಯನ್ನೇ ಬಿಟ್ಟು ಹೆಚ್ಚುಕಡಿಮೆ ಎಲ್ಲವನ್ನೂ ಕನ್ವರ್ಟರಿನ ಮೇಲೆ ಹೊರಿಸಿತ್ತು. ಓಟ ಬೆಣ್ಣೆಯಂತೆ ನುಣುಪು. ಪೆಟ್ರೋಲಿನ ಖರ್ಚು ಮಾತ್ರ ಹೆಚ್ಚು. ಮರುವರ್ಷವೇ ಪ್ಯಾಕಾರ್ಡ್ ಕಾರು ತಂದ ಅಲ್ಟ್ರಾಮ್ಯಾಟಿಕ್‌ನಲ್ಲಿ ಒಂದು ಒಳ್ಳೆಯ ಮದ್ದಿತ್ತು: ವಾಹನ ವೇಗಕ್ಕೆ ಬಂದ ಮೇಲೆ ಪಂಪನ್ನೂ ಟರ್ಬೈನನ್ನೂ ನೇರವಾಗಿ ಬೆಸೆಯುವ ಲಾಕಪ್ ಕ್ಲಚ್. ಬೆಸೆದ ಮೇಲೆ ಜಾರಿಕೆಯೇ ಇಲ್ಲ. ಪೆಟ್ರೋಲು ಅಗ್ಗವಾಗಿದ್ದ ಕಾಲದಲ್ಲಿ ಇದಕ್ಕೆ ಹೆಚ್ಚು ಬೆಲೆ ಬರಲಿಲ್ಲ. 1973ರ ತೈಲ ಮುಗ್ಗಟ್ಟಿನ ನಂತರ ಎಲ್ಲರಿಗೂ ಅದು ನೆನಪಾಯಿತು. ಕ್ರೈಸ್ಲರ್ ಕಂಪೆನಿ 1978ರ ಕಾರುಗಳಲ್ಲಿ ಲಾಕಪ್ ಕ್ಲಚ್ ತಂದಿತು, ಉಳಿದವರು ಹಿಂಬಾಲಿಸಿದರು. ಇಂದಿನ ಕಾರುಗಳಲ್ಲಿ ಹೊರಟ ಸ್ವಲ್ಪ ಹೊತ್ತಿಗೇ ಈ ಬೆಸುಗೆ ಬೀಳುತ್ತದೆ. ಎಣ್ಣೆಯ ಕೆಲಸ ಹೊರಡುವಾಗ ಮತ್ತು ಹೆಚ್ಚು ಎಳೆಯುವಾಗ ಮಾತ್ರ.

ನಮ್ಮ ದೇಶದಲ್ಲೂ ಈ ವಿದ್ಯೆ ಹೊಸತಲ್ಲ. ಎಂ. ಎಂ. ಸೂರಿ ಎಂಬ ಇಂಜಿನಿಯರು ಡೀಸೆಲ್ ರೈಲು ಇಂಜಿನ್‌ಗಳಿಗಾಗಿ ರೂಪಿಸಿದ ದ್ರವಚಾಲಿತ ವ್ಯವಸ್ಥೆ "ಸೂರಿ ಟ್ರಾನ್ಸ್‌ಮಿಷನ್" ಎಂದೇ ಹೆಸರಾಯಿತು. 1962ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು. ನಮ್ಮ ರಾಜ್ಯದಲ್ಲಿ, 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಸಂಸ್ಥೆಯ ಕೆ.ಜಿ.ಎಫ್. ಕಾರ್ಖಾನೆಯಲ್ಲಿ ಬುಲ್ಡೋಜರುಗಳು ತಯಾರಾಗುತ್ತವೆ. ಅಂಥ ಭಾರಿ ಯಂತ್ರಗಳಲ್ಲಿ ಟಾರ್ಕ್ ಕನ್ವರ್ಟರ್ ಪರಿಚಿತ ಅಂಗವೇ ಆಗಿದೆ.

ನಮ್ಮ ಉಪಯೋಗಕ್ಕೆ ಕೆಲವು ಮಾತು

ಗಂಟೆಯ ಬಾಡಿಗೆಗೆ ಯಂತ್ರ ಕರೆಸಿದಾಗ, ಬಕೆಟ್ಟು ಒತ್ತಿಯೂ ಚಕ್ರ ಮುಂದೆ ಹೋಗದಿದ್ದರೆ ಕೆಲವೇ ಸೆಕೆಂಡುಗಳಲ್ಲಿ ನಿಲ್ಲಿಸಲು ಹೇಳಿ. ಆಗ ನೀವು ಬಾಡಿಗೆ ಕೊಡುತ್ತಿರುವುದು ಎಣ್ಣೆ ಕಾಯಿಸುವ ಕೆಲಸಕ್ಕೆ. ಅಗೆಯುವ ಕೆಲಸವನ್ನು ಹಿಂದಿನ ಕೈಗೇ ಬಿಡಿ. ಆ ದಾರಿಯಲ್ಲಿ ಕನ್ವರ್ಟರ್ ಇಲ್ಲ. ಭಾರ ಹೊತ್ತು ಏರು ಹತ್ತುವಾಗ ಚಾಲಕ ಕೆಳಗಿನ ಗೇರು ಹಾಕಿದರೆ ನಿಧಾನವೆಂದು ಅವಸರಪಡಿಸಬೇಡಿ. ಕೆಳಗಿನ ಗೇರಿನಲ್ಲಿ ಟರ್ಬೈನು ವೇಗವಾಗಿ ತಿರುಗಿ ಜಾರಿಕೆ ಕಡಿಮೆಯಾಗುತ್ತದೆ. ಎಣ್ಣೆ ಬಿಸಿಯಾದರೆ ಗೇರನ್ನು ನ್ಯೂಟ್ರಲ್‌ಗೆ ತಂದು, ಇಂಜಿನ್ನನ್ನು ಹದವಾಗಿ ಓಡಲು ಬಿಡಬೇಕು. ಆಗ ಎಣ್ಣೆ ಕೂಲರಿನ ಮೂಲಕ ಸುತ್ತಿ ತಣಿಯುತ್ತದೆ. ಕೂಲರಿನ ಸಂದುಗಳಲ್ಲಿ ದೂಳು, ತರಗೆಲೆ ಕಟ್ಟಿಕೊಂಡಿದ್ದರೆ ಎಷ್ಟು ಓಡಿಸಿದರೂ ತಣಿಯದು.

ಕಾರು ಕೊಳ್ಳುವವರು ಮೊದಲು ಒಂದು ವಿಚಾರ ಕೇಳಿ ತಿಳಿಯಬೇಕು. ಆಟೋಮ್ಯಾಟಿಕ್ ಎಂದು ಮಾರುವುದೆಲ್ಲ ಟಾರ್ಕ್ ಕನ್ವರ್ಟರ್ ಅಲ್ಲ. 2014ರಿಂದ ನಮ್ಮಲ್ಲಿ ಬಳಕೆಗೆ ಬಂದ ಎ.ಎಂ.ಟಿ. ಕಾರುಗಳಲ್ಲಿರುವುದು ಮಾಮೂಲು ಕ್ಲಚ್ಚೇ. ಅದನ್ನು ಒತ್ತುವ ಕೆಲಸ ಮಾತ್ರ ಯಂತ್ರದ್ದು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ತಡೆದು ನಿಲ್ಲಿಸಿದರೆ ಎ.ಎಂ.ಟಿ.ಯಲ್ಲಿ ಕ್ಲಚ್ ಪ್ಲೇಟು ಸವೆಯುತ್ತದೆ, ಕನ್ವರ್ಟರಿನಲ್ಲಿ ಎಣ್ಣೆ ಕಾಯುತ್ತದೆ. ಎರಡಕ್ಕೂ ಬ್ರೇಕು ಹಿಡಿಯುವುದೇ ಸರಿ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಇಳಿಯುವಾಗ ಡಿ ಗೇರಿನಲ್ಲೇ ಬಿಡದೆ ಕೆಳಗಿನ ಗೇರಿಗೆ ತಂದರೆ ಇಂಜಿನ್ನಿನ ಹಿಡಿತ ಸಿಕ್ಕಿ ಬ್ರೇಕು ಉಳಿಯುತ್ತದೆ.

ಹಳೆಯ ಜೀಪಿನ ಅಭ್ಯಾಸವೊಂದನ್ನು ಮರೆಯಬೇಕು. ಬ್ಯಾಟರಿ ಇಳಿದಾಗ ತೋಟದ ಇಳಿಜಾರಿನಲ್ಲಿ ಬಿಟ್ಟು ಸ್ಟಾರ್ಟ್ ಮಾಡುವುದು ಈ ಕಾರಿನಲ್ಲಿ ನಡೆಯದು. ಗೇರುಪೆಟ್ಟಿಗೆಗೆ ಎಣ್ಣೆ ಒದಗಿಸುವ ಪಂಪು ಓಡುವುದು ಇಂಜಿನ್ ಓಡಿದರೆ ಮಾತ್ರ. ಇದೇ ಕಾರಣಕ್ಕೆ ಕೆಟ್ಟು ನಿಂತ ಕಾರನ್ನು, ಇಂಜಿನ್ ತಿರುಗಿಸುವ ಚಕ್ರಗಳು ನೆಲದ ಮೇಲಿರುವಂತೆ ದೂರ ಎಳೆದೊಯ್ಯಬಾರದು. ಎಣ್ಣೆಯಿಲ್ಲದೆ ಒಳಗಿನ ಭಾಗಗಳು ಸವೆದುಹೋಗುತ್ತವೆ.

ಒಟ್ಟಿನಲ್ಲಿ ಟಾರ್ಕ್ ಕನ್ವರ್ಟರ್ ಸಾಲ ಕೊಡುವ ಸಾಹುಕಾರನಿದ್ದಂತೆ. ಕಷ್ಟಕಾಲದಲ್ಲಿ ಎರಡು ಪಟ್ಟು ಬಲ ಕೊಡುತ್ತದೆ. ಬಡ್ಡಿಯನ್ನು ಬಿಸಿಯ ರೂಪದಲ್ಲಿ ಸೆಕೆಂಡಿನ ಲೆಕ್ಕದಲ್ಲಿ ವಸೂಲು ಮಾಡುತ್ತದೆ. ಬೇಗ ಹೊರಟು ಬೇಗ ಸಾಲ ತೀರಿಸಿದವನಿಗೆ ಅದು ಉಪಕಾರಿ. ಸಾಲದಲ್ಲೇ ಕೂತವನ ಗತಿ ಏನೆಂಬುದನ್ನು ಸಹಕಾರ ಸಂಘದ ಸದಸ್ಯರಿಗೆ ನಾವು ಹೇಳಬೇಕಿಲ್ಲ.

ಈ ವರ್ಷ ಅದೇ ಚಾಲಕನನ್ನೇ ಮತ್ತೆ ಕರೆಸಿದೆವು. ಆತ ಹಿಂದಿನ ಕೈಯಿಂದ ಸುತ್ತಲೂ ಮಣ್ಣು ಬಿಡಿಸಿ ಮುಕ್ಕಾಲು ಗಂಟೆಯಲ್ಲಿ ಬಂಡೆಯನ್ನು ಉರುಳಿಸಿದ. ಪಕ್ಕದಲ್ಲಿ ನಿಂತಿದ್ದ ನಾವು ಈ ಸಲ ಬಾಯಿ ತೆರೆಯಲಿಲ್ಲ.